ಜರ್ಮನ್ ಕಲಿಯೋಕೆ ಮಂಡ್ಯದಿಂದ ಮೈಸೂರಿಗೆ ಹೋಗಿದ್ದು ದಂಡವಾ?

ನರ್ಸಿಂಗ್ ಮುಗಿಸಿದ್ದೇನೆ, ಜರ್ಮನಿಗೆ ಹೋಗುವ ಆಸೆ. ಅಲ್ಲಿ ನರ್ಸ್ ಕೆಲಸಕ್ಕೆ ಸಾಮಾನ್ಯವಾಗಿ ಬಿ2, ಅಂದರೆ ನಾಲ್ಕನೇ ಹಂತದ ತನಕ ಭಾಷೆ ಬೇಕು, ನಾನಿನ್ನೂ ಎ1, ಮೊದಲನೇ ಹಂತ. ಮೊದಲು ಆನ್‌ಲೈನ್ ಕೋರ್ಸಿಗೆ ಸೇರಿದೆ, ಆ ಕಂಪನಿ ಹೆಸರು ಬೇಡ ಬಿಡಿ. ಕ್ಲಾಸಲ್ಲಿ 38 ಜನ, ಎಲ್ಲರೂ ಮ್ಯೂಟ್. ಎರಡು ತಿಂಗಳಲ್ಲಿ ನಾನು ಬಾಯಿ ಬಿಟ್ಟಿದ್ದು ಹತ್ತು ನಿಮಿಷ ಇರಬಹುದು, ಅದರಲ್ಲೂ ಅರ್ಧ "ಮೇಡಂ, ನನ್ನ ವಾಯ್ಸ್ ಕೇಳಿಸ್ತಿದೆಯಾ?" ಅನ್ನುವುದಕ್ಕೇ ಹೋಯಿತು.

ಆಮೇಲೆ ಮೈಸೂರಿನ ಸರಸ್ವತಿಪುರಂನಲ್ಲಿ, ಒಂದು ಮನೆಯ ಮಹಡಿ ಮೇಲೆ ನಡೆಯುವ ಪುಟ್ಟ ಕ್ಲಾಸು. ಶನಿವಾರ, ಭಾನುವಾರ. ಒಂಬತ್ತೇ ಜನ. ಮೊದಲ ದಿನವೇ ಮೇಡಂ ನನ್ನ ತುಟಿ ನೋಡಿ ತಪ್ಪು ಹಿಡಿದರು. ಜರ್ಮನ್‌ನಲ್ಲಿ ಐದಕ್ಕೆ 'ಫ್ಯುನ್ಫ್', ನಾನು ಎರಡು ತಿಂಗಳಿಂದ 'ಫುನ್ಫ್' ಅಂತಿದ್ದೆ, ಯಾರೂ ತಿದ್ದಿರಲಿಲ್ಲ. "ನಾಲಿಗೆ 'ಇ' ಅನ್ನೋ ಜಾಗದಲ್ಲೇ ಇರಲಿ, ತುಟಿ ಮಾತ್ರ 'ಉ' ಅನ್ನೋ ಹಾಗೆ ಗುಂಡಗೆ ಮಾಡಮ್ಮ" ಅಂದರು. ಪಕ್ಕದವಳು ನಕ್ಕಳು, ನಾನೂ ನಕ್ಕೆ, ನಾಲ್ಕನೇ ಸಲಕ್ಕೆ ಸದ್ದು ಬಂತು. ಆನ್‌ಲೈನಲ್ಲಿ ಕ್ಯಾಮೆರಾ ಹಾಕಿದವರೇ ಇರಲಿಲ್ಲ, ತುಟಿ ನೋಡೋದೆಲ್ಲಿ ಬಂತು?

ಗೊಯ್ಥೆ ಅನ್ನುವ ಜರ್ಮನ್ ಸಂಸ್ಥೆ ನಡೆಸುವ ಎ1 ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ 25 ಅಂಕ, ಪಾಸಾಗಲು 100ಕ್ಕೆ 60. ಮಾತಿನ ಭಾಗದಲ್ಲಿ ಒಂದು ಪದ ಇರುವ ಕಾರ್ಡ್ ಎತ್ತಿ, ಪಕ್ಕದಲ್ಲಿ ಕೂತ ಅಪರಿಚಿತರಿಗೇ ಪ್ರಶ್ನೆ ಕೇಳಬೇಕು. ಇಲ್ಲಿ ಪ್ರತಿ ವಾರ ಕೊನೆಯ ಅರ್ಧ ಗಂಟೆ ಇದನ್ನೇ ಆಡಿಸುತ್ತಾರೆ. ನನ್ನ ಕೈ ನಡುಗುವುದು ನಿಂತಿದ್ದು ಹಾಗೇ.

ಆದರೆ ಜರ್ಮನ್ ಪದಗಳ ಲಿಂಗ ಬಾಯಿಪಾಠ ಮಾಡೋಕೆ ಹಳೇ ಆನ್‌ಲೈನ್ ವಿಡಿಯೊನೇ ವಾಸಿ. ನಮಗೆ ಮೇಜು 'ಅದು', ಹುಡುಗಿ 'ಅವಳು'. ಅವರಿಗೆ ಮೇಜು ಪುಲ್ಲಿಂಗ, ಹುಡುಗಿ ನಪುಂಸಕಲಿಂಗ! ಇಂಥದ್ದನ್ನು ಮೇಡಂ ಹತ್ತಿರ ಹತ್ತು ಸಲ ಹೇಳಿಸೋಕಾಗುತ್ತಾ? ವಿಡಿಯೊ ಆದರೆ ಹಿಂದಕ್ಕೆ ಹಾಕಿ ಹಾಕಿ ಕೇಳಬಹುದು.

ಇಲ್ಲಿಯ ಕೊರತೆಗಳೂ ಇವೆ. ಫೀಸು ಜಾಸ್ತಿ. ಕ್ಲಾಸ್ ತಪ್ಪಿದರೆ ರೆಕಾರ್ಡಿಂಗ್ ಇಲ್ಲ, ಪಕ್ಕದವರ ನೋಟ್ಸೇ ಗತಿ. ಮಂಡ್ಯದಿಂದ 45 ಕಿಲೋಮೀಟರ್, ರೈಲು ತಡವಾಗಿ ಎರಡು ಸಲ ಅರ್ಧ ಕ್ಲಾಸಿಗೆ ಹೋಗಿ ಕೂತೆ. ಕ್ಲಾಸಿನ ಸ್ಪೀಕರ್ ಅಂತೂ ಸುಮ್ನೆ ಗೊರಗೊರ ಅನ್ನುತ್ತದೆ, ಕೇಳುವ ಅಭ್ಯಾಸಕ್ಕೆ ನಾನು ಮನೆಯಲ್ಲಿ ಇಯರ್‌ಫೋನೇ ಹಾಕಿಕೊಳ್ಳುತ್ತೇನೆ.

ಎ2ಗೂ ಇಲ್ಲೇ ದುಡ್ಡು ಕಟ್ಟಿದ್ದೇನೆ. ಸ್ಪೀಕರ್ ಬದಲಾಯಿಸಿ ಮೇಡಂ ಅಂತ ಹೇಳಿಯೂ ಆಯಿತು.