ಬಿಲ್ಲಿಂಗ್ ಕ್ಲೌಡ್‌ಗೆ ಹೋಗಿ ವರ್ಷಗಳಾದ ಮೇಲೆ: ತೆರಿಗೆ ಸರ್ವೀಸ್ ಚಿನ್ನ, ತಿಂಗಳ ಬಿಲ್ ತಲೆನೋವು

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾದಾಗ ನಮ್ಮ ಆಫೀಸಿನಲ್ಲಿ ಯಾರೂ ರಾತ್ರಿ ಉಳಿಯಲಿಲ್ಲ. ವಾಹನ ಬಿಡಿಭಾಗ ಮಾರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಈ ವ್ಯಾಪಾರದಲ್ಲಿರುವವರನ್ನು ಕೇಳಿ. ಕಾರು, ಲಾರಿಯ ಭಾಗಗಳು 28ರಿಂದ 18 ಪರ್ಸೆಂಟಿಗೆ ಇಳಿದವು. ಟ್ರ್ಯಾಕ್ಟರಿನ ಬ್ರೇಕ್, ಗೇರ್‌ಬಾಕ್ಸ್, ರೇಡಿಯೇಟರ್ ತರಹದವು 18ರಿಂದ 5ಕ್ಕೆ ಬಂದವು. ಎರಡೂ ಒಂದೇ 8708 ಎಚ್‌ಎಸ್‌ಎನ್ (ತೆರಿಗೆಗಾಗಿ ಸರಕುಗಳನ್ನು ವಿಂಗಡಿಸುವ ಕೋಡ್) ಕೆಳಗೆ ಬರುತ್ತವೆ. ಅಂದರೆ ಎಚ್‌ಎಸ್‌ಎನ್ ನಂಬರ್‌ನ ಮೊದಲ ನಾಲ್ಕು ಅಂಕಿ ನೋಡಿ ಒಟ್ಟಿಗೆ ತಿದ್ದೋಕೆ ಆಗಲ್ಲ, ಒಂದೊಂದು ಐಟಂ ನೋಡಬೇಕು.

ನಮ್ಮದು ಸಗಟು ವ್ಯಾಪಾರ. ಮುಖ್ಯ ಗೋದಾಮು ಪೀಣ್ಯದಲ್ಲಿ, ಡಿಪೋಗಳು ಹುಬ್ಬಳ್ಳಿ, ಮಂಗಳೂರು, ಕಲಬುರಗಿಯಲ್ಲಿ. ಐಟಿ ನನ್ನ ಜವಾಬ್ದಾರಿ, ತಂಡ ಚಿಕ್ಕದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪ್ರತಿ ಡಿಪೋದಲ್ಲೂ ಬೇರೆ ಸರ್ವರ್, ಬೇರೆ ಐಟಂ ಮಾಸ್ಟರ್ (ಐಟಂ, ದರಗಳ ಪಟ್ಟಿ) ಇತ್ತು. ದರ ಬದಲಾದರೆ ಎಲ್ಲ ಊರಿಗೂ ಎಕ್ಸೆಲ್ ಶೀಟ್ ಕಳಿಸಿ, ಅಲ್ಲಿ ಒಬ್ಬರು ಕೂತು ಕೈಯಲ್ಲಿ ತಿದ್ದಬೇಕಿತ್ತು. ಒಂದೇ ಕ್ಲಚ್ ಪ್ಲೇಟಿಗೆ ಎರಡು ಊರಿನಲ್ಲಿ ಎರಡು ತೆರಿಗೆ ಬಿದ್ದ ಬಿಲ್‌ಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಹಳೆಯ ಬಿಲ್ಲಿಂಗ್ ಪ್ಯಾಕೇಜನ್ನು ಒಡೆದು ಸರ್ವೀಸ್‌ಗಳಾಗಿ, ಅಂದರೆ ಒಂದೊಂದೇ ಕೆಲಸ ಮಾಡುವ ಬೇರೆ ಬೇರೆ ಪ್ರೋಗ್ರಾಂಗಳಾಗಿ ಮಾಡಿ ಕ್ಲೌಡ್‌ನಲ್ಲಿ, ಅಂದರೆ ಬೇರೆ ಕಂಪನಿಯ ಬಾಡಿಗೆ ಸರ್ವರ್‌ಗಳಲ್ಲಿ ಇಡೋಣ ಅಂತ ತೀರ್ಮಾನ ಆಯ್ತು. ಇದಕ್ಕೆ ಸರ್ವೀಸ್-ಓರಿಯೆಂಟೆಡ್ ಆರ್ಕಿಟೆಕ್ಚರ್ ಅಂತಾರೆ, ಅದರ ಪಾಠ ಇಲ್ಲಿ ಬರೆಯಲ್ಲ. ಇಷ್ಟು ವರ್ಷ ಬಳಸಿದ ಮೇಲೆ ಏನು ಉಳಿಯಿತು, ಏನು ಕೈ ಕಚ್ಚಿತು ಅನ್ನೋದನ್ನು ಹೇಳ್ತೀನಿ.

ಮೊದಲು ಖುಷಿಯ ಮಾತು. ನಮ್ಮ ತೆರಿಗೆ ಸರ್ವೀಸ್ ತುಂಬ ಚಿಕ್ಕದು. ಅದಕ್ಕೆ ಮೂರು ವಿಷಯ ಕೊಡಬೇಕು: ಐಟಂ ಕೋಡ್, ಗಿರಾಕಿ ಯಾವ ರಾಜ್ಯದವರು, ಯಾವ ತಾರೀಕು. ಅದು ದರ ಹೇಳುತ್ತೆ, ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಬೇಕೋ ಹೊರರಾಜ್ಯದ ಮಾರಾಟದ ಐಜಿಎಸ್‌ಟಿ ಹಾಕಬೇಕೋ ಹೇಳುತ್ತೆ. ಅಷ್ಟೇ ಅದರ ಕೆಲಸ. ಈ ಮೂರರಲ್ಲಿ ಜೀವಾಳ ಅಂದರೆ ತಾರೀಕು. ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಮಾಡಿತು, 17ಕ್ಕೆ ಅಧಿಸೂಚನೆ ಬಂತು. ನಮ್ಮ ಅಕೌಂಟ್ಸ್ ಮೇಡಂ ಅಧಿಸೂಚನೆಯನ್ನು ಪ್ರಿಂಟ್ ಹಾಕಿ, ಪೆನ್ಸಿಲ್‌ನಲ್ಲಿ ಟಿಕ್ ಮಾಡುತ್ತಾ ಟ್ರ್ಯಾಕ್ಟರ್ ಐಟಂಗಳನ್ನು ಬೇರೆ ಮಾಡಿ ಕೊಟ್ಟರು. ಹೊಸ ದರದ ಸಾಲುಗಳನ್ನು ‘22ರಿಂದ ಜಾರಿ’ ಅಂತ ಮುಂಚೆಯೇ ಟೇಬಲ್‌ಗೆ ಹಾಕಿದೆವು, ಹಳೆಯ ಸಾಲುಗಳನ್ನು ಅಳಿಸಲಿಲ್ಲ. 22ರ ಬೆಳಿಗ್ಗೆ ನಾಲ್ಕೂ ಊರಿನಲ್ಲಿ ಮೊದಲ ಬಿಲ್ ಹೊಸ ದರದಲ್ಲೇ ಬಂತು.

ನಿಜವಾದ ಲಾಭ ಕಂಡಿದ್ದು ಅದಾದ ಮೇಲೆ. ನಮ್ಮ ವ್ಯಾಪಾರದಲ್ಲಿ ವಾಪಸ್ ಬರುವ ಮಾಲು ಜಾಸ್ತಿ. ಸೆಪ್ಟೆಂಬರ್ ಮೊದಲ ವಾರ 28ರಲ್ಲಿ ಬಿಲ್ ಆದ ಕಾರಿನ ಕ್ಲಚ್ ಪ್ಲೇಟ್ ಅಕ್ಟೋಬರ್‌ನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟ್ (ವಾಪಸ್ ಮಾಲಿನ ಹಣ ಕಳೆಯುವ ಚೀಟಿ) 28ರಲ್ಲೇ ಆಗಬೇಕು. ರಿಟರ್ನ್ಸ್ ಸರ್ವೀಸ್ ಹಳೆಯ ಬಿಲ್ಲಿನ ತಾರೀಕನ್ನೇ ಕೊಟ್ಟು ಕೇಳುತ್ತೆ, ಸರಿಯಾದ ಉತ್ತರ ಬರುತ್ತೆ. ಕೌಂಟರಿನಲ್ಲಿರುವ ಹುಡುಗನಿಗೆ ಈ ಲೆಕ್ಕ ಗೊತ್ತಿರಬೇಕಾಗಿಲ್ಲ. ಇಡೀ ಪ್ರಾಜೆಕ್ಟಿಗೆ ಖರ್ಚಾದ ದುಡ್ಡಿನಲ್ಲಿ ಈ ಭಾಗಕ್ಕೆ ಹೋದ ರೂಪಾಯಿ ಬಗ್ಗೆ ನನಗೆ ಒಂಚೂರೂ ಬೇಜಾರಿಲ್ಲ.

ಬಿಲ್‌ಗಳನ್ನು ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಸರ್ವೀಸ್ ಕೂಡ ಹೀಗೇ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟು ದಾಟಿದವರಿಗೆ ಶುರುವಾದ ನಿಯಮ 100, 50 ಅಂತ ಇಳಿಯುತ್ತಾ 2022ರ ಏಪ್ರಿಲ್‌ನಲ್ಲಿ 20 ಕೋಟಿಗೆ ಬಂದಾಗ ನಮ್ಮನ್ನೂ ಹಿಡಿಯಿತು. ಸರ್ಕಾರಿ ಪೋರ್ಟಲ್ 64 ಅಕ್ಷರದ ಐಆರ್‌ಎನ್ (ಬಿಲ್ಲಿನ ನೋಂದಣಿ ಸಂಖ್ಯೆ) ಮತ್ತು ಕ್ಯೂಆರ್ ಕೋಡ್ ಕೊಡದೆ ಬಿಲ್ ಬಿಲ್ ಅಲ್ಲ, ಲಾರಿ ಹೊರಡುವ ಹಾಗಿಲ್ಲ. ನಾವು ಮಧ್ಯೆ ಒಂದು ಮೆಸೇಜ್ ಕ್ಯೂ ಇಟ್ಟಿದ್ದೇವೆ. ಪೋರ್ಟಲ್ ನಿಧಾನ ಆದರೆ ಕೌಂಟರ್ ನಿಲ್ಲಲ್ಲ, ಬಿಲ್‌ಗಳು ಸಾಲಿನಲ್ಲಿ ಕಾಯುತ್ತವೆ, ಆಮೇಲೆ ತಾವಾಗೇ ಹೋಗುತ್ತವೆ. ಒಂದೊಂದು ಸಲ ಪೋರ್ಟಲ್ ಐಆರ್‌ಎನ್ ಮಾಡಿರುತ್ತೆ, ಉತ್ತರ ಮಾತ್ರ ನಮ್ಮ ತನಕ ಬಂದಿರಲ್ಲ. ಮತ್ತೆ ಕಳಿಸಿದರೆ 2150 ಅಂತ ಎರರ್, ಡೂಪ್ಲಿಕೇಟ್ ಐಆರ್‌ಎನ್. ಮೊದಮೊದಲು ಇದನ್ನು ನೋಡಿ ಡಿಪೋದವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಈಗ ಸರ್ವೀಸ್ ಆ 2150 ಅನ್ನು ಸೋಲು ಅಂತ ಬಗೆಯುವುದಿಲ್ಲ, ಮೊದಲೇ ಆದ ಐಆರ್‌ಎನ್ ತಂದು ಬಿಲ್‌ಗೆ ಅಂಟಿಸುತ್ತೆ. ಇಷ್ಟು ಸಣ್ಣ ಬದಲಾವಣೆ ಒಂದೇ ಜಾಗದಲ್ಲಿ ಆಯ್ತು, ಎಲ್ಲ ಡಿಪೋಗೂ ಸಿಕ್ಕಿತು.

ಬೆಳಿಗ್ಗೆ ನನ್ನ ಕ್ರಮ ಹೀಗೆ. ಕಾಫಿ ಬರುವ ಹೊತ್ತಿಗೆ ಕ್ಯೂ ಪೇಜ್ ತೆರೆಯುತ್ತೇನೆ. ಹುಬ್ಬಳ್ಳಿಯಲ್ಲಿ ಲೋಡಿಂಗ್ ಶುರುವಾಗುವ ಮೊದಲು ಕೆಂಪು ಸಾಲು, ಅಂದರೆ ಪೋರ್ಟಲ್ ಒಪ್ಪದ ಬಿಲ್, ಏನಾದರೂ ಉಳಿದಿದೆಯಾ ಅಂತ ನೋಡಬೇಕು. ಬಹುತೇಕ ಗಿರಾಕಿಯ ಜಿಎಸ್‌ಟಿ ನಂಬರ್ ರದ್ದಾಗಿರುತ್ತೆ, ಇಲ್ಲವೇ ಪಿನ್‌ಕೋಡ್ ರಾಜ್ಯಕ್ಕೆ ಹೊಂದಿರಲ್ಲ. ಸೇಲ್ಸ್‌ನವರಿಗೆ ಒಂದು ಮೆಸೇಜ್ ಹಾಕಿ ಸರಿ ಮಾಡಿಸುತ್ತೇನೆ. 2025ರ ಏಪ್ರಿಲ್‌ನಿಂದ 10 ಕೋಟಿ ದಾಟಿದವರು 30 ದಿನದೊಳಗೆ ಬಿಲ್ ಪೋರ್ಟಲ್‌ಗೆ ಹಾಕಲೇಬೇಕು, ಹಾಗಾಗಿ ಹಳೆಯ ಕೆಂಪು ಸಾಲು ಒಂದೂ ಉಳಿಯಕೂಡದು. ಪೇಜ್ ಪೂರ್ತಿ ಹಸಿರಾದ ಮೇಲೆ ಕಾಫಿ ಕುಡಿಯೋದರಲ್ಲಿ ಒಂದು ಸಮಾಧಾನ ಇದೆ.

ಆಮೇಲೆ ತೆರೆಯುವುದು ಖರ್ಚಿನ ಪೇಜ್. ಅಲ್ಲಿಗೆ ಖುಷಿ ಮುಗಿಯುತ್ತೆ.

ಕ್ಲೌಡ್ ಕಂಪನಿಯ ಹೆಸರು ಬೇಡ. ಸರ್ವರ್‌ಗೆ ಎಷ್ಟು, ಡೇಟಾಬೇಸ್‌ಗೆ ಎಷ್ಟು ಅಂತ ಮೊದಲೇ ಲೆಕ್ಕ ಹಾಕಿದ್ದೆವು, ಅದು ಸರಿಯಾಗೇ ಬಂತು. ನಮ್ಮನ್ನು ಸುಟ್ಟಿದ್ದು ಡೇಟಾ ಓಡಾಟದ ಬಾಡಿಗೆ. ಬಿಲ್‌ನಲ್ಲಿ ಅದು ‘ಇತರೆ’ ಅನ್ನೋ ಗುಂಪಿನೊಳಗೆ ಕೂತಿರುತ್ತೆ. ಬಿಡಿಸಿ ನೋಡಿದರೆ ಎರಡು ಕಳ್ಳ ದಾರಿ ಕಂಡವು.

ಒಂದು, ನ್ಯಾಟ್ ಗೇಟ್‌ವೇ, ಅಂದರೆ ನಮ್ಮ ಸರ್ವರ್‌ಗಳಿಂದ ಹೊರಗಿನ ಇಂಟರ್ನೆಟ್‌ಗೆ ಹೋಗುವ ಬಾಗಿಲು. ಅದು ಸುಮ್ನೆ ಇದ್ದರೂ ಗಂಟೆಗಿಷ್ಟು, ಹಾದುಹೋಗುವ ಪ್ರತಿ ಜಿಬಿಗೆ ಇನ್ನಷ್ಟು. ನಮ್ಮ ಬಿಲ್‌ಗಳ ಪಿಡಿಎಫ್, ದಿನದ ಬ್ಯಾಕಪ್ ಎಲ್ಲವೂ ಅದೇ ಕಂಪನಿಯ ಸ್ಟೋರೇಜ್‌ಗೆ ಹೋಗಬೇಕು. ಆದರೂ ಹೊರಗಿನ ಬಾಗಿಲಿಂದ ಆಚೆ ಹೋಗಿ ಮತ್ತೆ ಒಳಗೆ ಬಂದ ಹಾಗೆ ಗೇಟ್‌ವೇ ಮೂಲಕವೇ ಹೋಗುತ್ತಿತ್ತು. ಸ್ಟೋರೇಜ್‌ಗೆ ನೇರವಾಗಿ ಒಂದು ಎಂಡ್‌ಪಾಯಿಂಟ್ (ಒಳದಾರಿ) ಹಾಕಿದರೆ ಆ ದುಡ್ಡು ಪೂರ್ತಿ ಉಳಿಯುತ್ತೆ, ಎಂಡ್‌ಪಾಯಿಂಟ್‌ಗೆ ಬಾಡಿಗೆಯೂ ಇಲ್ಲ. ಹಾಗಿದ್ದರೆ ಸೆಟಪ್ ಮಾಡುವಾಗ ತಾನಾಗೇ ಯಾಕೆ ಅದನ್ನು ಹಾಕಿಕೊಡಲ್ಲ? ಸಪೋರ್ಟ್‌ನವರು ಕಳಿಸಿದ ಉತ್ತರ ಡಾಕ್ಯುಮೆಂಟ್‌ನ ಲಿಂಕ್ ಮಾತ್ರ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತೆ.

ಎರಡನೆಯದು ಸರ್ವೀಸ್‌ಗಳ ಹರಟೆ. ಡಿಸೈನ್ ಮಾಡಿಕೊಟ್ಟ ಕನ್ಸಲ್ಟಂಟ್‌ಗಳು ಸ್ಟಾಕ್, ಬೆಲೆ, ಡಿಸ್ಕೌಂಟ್, ಕ್ರೆಡಿಟ್ ಲಿಮಿಟ್ ಎಲ್ಲವನ್ನೂ ಬೇರೆ ಬೇರೆ ಸರ್ವೀಸ್ ಮಾಡಿದ್ದರು. ಆರ್ಡರಿನಲ್ಲಿ ಒಂದು ಸಾಲು ಸೇರಿಸಿದರೆ ನಾಲ್ಕೂ ಕಡೆ ಕೇಳಬೇಕು. ಒಂದು ಸರ್ವೀಸ್ ಒಂದು ಡೇಟಾಸೆಂಟರ್ ಝೋನ್‌ನಲ್ಲಿ, ಇನ್ನೊಂದು ಪಕ್ಕದ ಝೋನ್‌ನಲ್ಲಿ. ಝೋನ್ ದಾಟಿದ ಪ್ರತಿ ಜಿಬಿಗೂ ಚಾರ್ಜ್. ಮೆಕ್ಯಾನಿಕ್‌ಗಳು ಒಂದೊಂದೇ ಐಟಂ ಹೇಳುತ್ತಾ ಆರ್ಡರ್ ಬರೆಸುವ ನಮ್ಮಂಥ ವ್ಯಾಪಾರದಲ್ಲಿ ಇದು ನೀರಿನಂತೆ ದುಡ್ಡು ಹರಿಸುತ್ತೆ. ಮೇಲಾಗಿ ನಿಧಾನ ಬೇರೆ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ ವಿಡಿಯೋ ಗುಣಮಟ್ಟ ಪರೀಕ್ಷಿಸುವ ತಮ್ಮ ವ್ಯವಸ್ಥೆಯ ತುಂಡುಗಳನ್ನು ಒಂದೇ ಪ್ರೋಗ್ರಾಂ ಆಗಿ ಸೇರಿಸಿ ಖರ್ಚನ್ನು 90 ಪರ್ಸೆಂಟ್ ಇಳಿಸಿದ್ದನ್ನು ಬರೆದಿತ್ತು. ಅದನ್ನೇ ತೋರಿಸಿ ನಮ್ಮ ಎಂಡಿ ಸಾಹೇಬರನ್ನು ಒಪ್ಪಿಸಿದೆ. ಆ ನಾಲ್ಕನ್ನೂ ಕೂಡಿಸಿ ಒಂದು ಆರ್ಡರ್ ಸರ್ವೀಸ್ ಮಾಡಿದೆವು. ಈ ನಾಲ್ಕೂ ಬದಲಾಗುವುದು ನಮ್ಮ ಬೆಲೆಪಟ್ಟಿ ಬದಲಾದಾಗ ಒಟ್ಟಿಗೇ, ಅವನ್ನು ಬೇರೆ ಇಡಲು ಕಾರಣವೇ ಇರಲಿಲ್ಲ. ತೆರಿಗೆ, ಇ-ಇನ್‌ವಾಯ್ಸ್ ಬದಲಾಗುವುದು ಸರ್ಕಾರದ ತಾರೀಕಿಗೆ, ಅವು ಬೇರೆಯಾಗೇ ಇರಬೇಕು. ಇದಾದ ಮೇಲೆ ಕೌಂಟರಿನಲ್ಲಿ ಸ್ಕ್ರೀನ್ ಕಣ್ಣಿಗೆ ಕಾಣುವಷ್ಟು ಚುರುಕಾಯಿತು, ‘ಇತರೆ’ ಸಾಲೂ ಇಳಿಯಿತು.

ಲಾಗ್‌ಗಳ, ಅಂದರೆ ಸಿಸ್ಟಂನಲ್ಲಿ ಏನೇನು ಆಯ್ತು ಅನ್ನೋ ದಾಖಲೆಗಳ ಖರ್ಚು ಮಾತ್ರ ಹಾಗೇ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಂತೆ 180 ದಿನದ ಲಾಗ್ ಇಟ್ಟುಕೊಳ್ಳಬೇಕು, ಸರ್ವೀಸ್ ಜಾಸ್ತಿಯಾದಷ್ಟೂ ಲಾಗ್ ಜಾಸ್ತಿ. ಹಳೆಯದನ್ನು ಅಗ್ಗದ ಸ್ಟೋರೇಜ್‌ಗೆ ದೂಡಿದ್ದೇವೆ.

ಬಿಟ್ಟು ಬೇರೆ ಕಡೆ ಹೋಗಬಹುದಲ್ವಾ ಅಂತ ಕೇಳುವವರಿಗೆ: 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ ಪೂರ್ತಿ ಬಿಟ್ಟು ಹೋಗುವ ಗಿರಾಕಿಗಳಿಗೆ ಡೇಟಾ ಹೊರತೆಗೆಯುವ ಶುಲ್ಕ ತೆಗೆದುಹಾಕಿದವು. ದಿನನಿತ್ಯ ಹೊರಹೋಗುವ ಡೇಟಾದ ಚಾರ್ಜ್ ಹಾಗೇ ಇದೆ. ಆಫೀಸಿನ ಸರ್ವರ್ ರೂಮಿಗೆ ವಾಪಸ್ ಹೋಗುವ ಆಸೆ ನನಗಂತೂ ಇಲ್ಲ. ಲೆಕ್ಕಪತ್ರದ ಬ್ಯಾಕಪ್ ಪ್ರತಿದಿನ ಭಾರತದೊಳಗಿನ ಸರ್ವರ್‌ನಲ್ಲೇ ಇರಬೇಕು ಅಂತ 2022ರಿಂದ ಕಂಪನಿ ಕಾಯ್ದೆಯ ನಿಯಮ ಇದೆ, ಅದು ಕ್ಲೌಡ್‌ನಲ್ಲಿ ಸಲೀಸಾಗಿ ಆಗುತ್ತೆ. ಪೀಣ್ಯದಲ್ಲಿ ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ಅಂತ ಎಣಿಸುತ್ತಾ ಕೂರೋದೂ ಬೇಕಿಲ್ಲ.

ನಮ್ಮಷ್ಟು ಗಾತ್ರದ, ಹಲವು ಊರಿನಲ್ಲಿ ಬಿಲ್ ಮಾಡುವ ವ್ಯಾಪಾರಕ್ಕೆ ನನ್ನ ಸಲಹೆ: ತೆರಿಗೆ ಮತ್ತು ಇ-ಇನ್‌ವಾಯ್ಸ್ ಎರಡನ್ನು ಮೊದಲು ಬೇರೆ ಮಾಡಿ, ಬೇರೇನನ್ನೂ ಒಡೆಯಬೇಡಿ. ಒಂದೇ ಅಂಗಡಿ, ಒಂದೇ ಊರು ಆಗಿದ್ದರೆ ಈಗಿರುವ ಪ್ಯಾಕೇಜೇ ಸಾಕು, ಈ ಖರ್ಚು ಗಿಟ್ಟಲ್ಲ. ಕ್ಲೌಡ್ ಕಂಪನಿಯ ಸೇಲ್ಸ್‌ನವರು ಡಿಸ್ಕೌಂಟ್ ತೋರಿಸಿ ಮೂರು ವರ್ಷದ ಕಮಿಟ್‌ಮೆಂಟ್‌ಗೆ ಒತ್ತಾಯ ಮಾಡುತ್ತಿದ್ದಾರೆ. ನಾಲ್ಕು ಸರ್ವೀಸ್ ಒಂದಾದ ಮೇಲೆ ನಮಗೆ ಎಷ್ಟು ಸರ್ವರ್ ಬೇಕು ಅನ್ನೋದೇ ಇನ್ನೂ ಇಳಿಯುತ್ತಿದೆ, ಹಾಗಾಗಿ ಒಂದು ವರ್ಷದ್ದಕ್ಕೆ ಮಾತ್ರ ಸಹಿ ಹಾಕಿಸುತ್ತೇನೆ. ತೆರಿಗೆ ಸರ್ವೀಸ್‌ಗೆ ಐದಕ್ಕೆ ಐದು. ಕ್ಲೌಡ್ ಕಂಪನಿಗೆ ಮೂರು, ಆ ಗೇಟ್‌ವೇ ವಿಷಯ ಸೆಟಪ್‌ನಲ್ಲೇ ಹೇಳಿದ ದಿನ ನಾಲ್ಕು.