ಟ್ರೇ, ಡಬ್ಬಿ, ಸ್ಕ್ಯಾನರ್: ವಾರ್ಡಿನಲ್ಲಿ ಔಷಧಿ ಕೊಡುವ ಮೂರು ಪದ್ಧತಿ

ಈ ಮೂರರಲ್ಲೂ ನಾನು ಡ್ಯೂಟಿ ಮಾಡಿದ್ದೇನೆ. ಆರಿಸಿಕೋ ಅಂದರೆ ಡಬ್ಬಿಯನ್ನೇ ಆರಿಸುತ್ತೇನೆ.

ಟ್ರೇ ಎಲ್ಲ ನರ್ಸ್‌ಗಳಿಗೂ ಗೊತ್ತಿರುವುದೇ. ನರ್ಸಿಂಗ್ ಸ್ಟೇಷನ್ನಿನಲ್ಲೇ ಎಲ್ಲರ ಮಾತ್ರೆ ಬಿಡಿಸಿ, ಪುಟ್ಟ ಕಪ್ಪುಗಳಿಗೆ ಹಾಕಿ, ಬೆಡ್ ನಂಬರ್ ಬರೆದು ಹೊರಡುವುದು. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಸ್ಟ್ರಿಪ್ಪಿನಿಂದ ಹೊರಬಿದ್ದ ಬಿಳಿ ಮಾತ್ರೆ ಯಾವುದು ಎಂದು ಯಾರೂ ಹೇಳಲಾರರು. ರಾತ್ರಿ ರೋಗಿಯ ಬೆಡ್ ಬದಲಾಗಿದ್ದರೆ ಮಾತ್ರೆಯ ಕಪ್ ಹಳೇ ನಂಬರಿಗೇ ಹೋಗುತ್ತದೆ. ಇದನ್ನು ಕೈಬಿಡಲೇಬೇಕು.

ಡಬ್ಬಿ ಪದ್ಧತಿಯಲ್ಲಿ ಟ್ರಾಲಿಯಲ್ಲಿ ರೋಗಿಗೊಂದು ಡಬ್ಬಿ, ಮೇಲೆ ಹೆಸರು, ಐಪಿ (ಒಳರೋಗಿ) ನಂಬರ್. ಫಾರ್ಮಸಿ 24 ಗಂಟೆಗೆ ಬೇಕಾದಷ್ಟನ್ನೇ ಕಳಿಸುತ್ತದೆ. ಡ್ರಗ್ ಚಾರ್ಟ್ ನೋಡಿಕೊಂಡು ಹಾಸಿಗೆಯ ಪಕ್ಕದಲ್ಲೇ ಸ್ಟ್ರಿಪ್ ಒಡೆಯುತ್ತೇವೆ. "ಅಮ್ಮಾ, ನಿಮ್ಮ ಹೆಸರು ಹೇಳಿ" ಎಂದು ಅವರ ಬಾಯಿಂದಲೇ ಕೇಳುತ್ತೇವೆ, "ನೀವು ಲಕ್ಷ್ಮಮ್ಮ ಅಲ್ವಾ?" ಎಂದರೆ ಕಿವಿ ಮಂದವಾದ ಅಜ್ಜಿ ಯಾವ ಹೆಸರಿಗಾದರೂ ಹೂಂ ಅನ್ನುತ್ತಾರೆ. ಡಬ್ಬಿಯಲ್ಲಿ ಮಾತ್ರೆ ಉಳಿದಿದ್ದರೆ ಡೋಸ್ ತಪ್ಪಿರಬಹುದೆಂದು ಮುಂದಿನ ಪಾಳಿಯವರಿಗೆ ಹ್ಯಾಂಡ್‌ಓವರ್‌ನಲ್ಲೇ ಕಾಣುತ್ತದೆ. ನಿಧಾನ ಎಂಬುದೊಂದೇ ಕೊರತೆ: ಕೊನೆಯ ಬೆಡ್ ತಲುಪುವಷ್ಟರಲ್ಲಿ ಎಂಟು ಗಂಟೆಯ ಔಷಧಿ ತಡವಾಗಿರುತ್ತದೆ.

ರೋಗಿಯ ಕೈಪಟ್ಟಿ ಮತ್ತು ಔಷಧಿ ಎರಡನ್ನೂ ಓದುವ ಸ್ಕ್ಯಾನರ್, ರೋಗಿ ಅದಲುಬದಲಾಗುವುದನ್ನು ಹಿಡಿಯುವುದರಲ್ಲಿ ಡಬ್ಬಿಗಿಂತ ಮೇಲು. ತೊಡಕಿರುವುದು ಅದಕ್ಕೆ ಬೇಕಾದ ತಯಾರಿಯಲ್ಲಿ. 2023ರ ಆಗಸ್ಟ್‌ನಿಂದ ದೇಶದಲ್ಲಿ 300 ಬ್ರಾಂಡ್‌ಗಳ ಪ್ಯಾಕಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ, ಆದರೆ ಕತ್ತರಿಸಿ ಕೊಟ್ಟ ಒಂದೆರಡು ಮಾತ್ರೆಯ ತುಂಡಿನಲ್ಲಿ ಕೋಡ್ ಎಲ್ಲಿ ಬರಬೇಕು? ಫಾರ್ಮಸಿಯವರೇ ಲೇಬಲ್ ಅಂಟಿಸಬೇಕು. ಕೈಪಟ್ಟಿ ನೆನೆದು ಹಾಳಾದಾಗ ಫೈಲಿಗೆ ಅಂಟಿಸಿದ ಇನ್ನೊಂದನ್ನು ಸ್ಕ್ಯಾನ್ ಮಾಡುವ ಅಡ್ಡದಾರಿಯೂ ಹುಟ್ಟುತ್ತದೆ. ಆಗ ರೋಗಿಯ ಹತ್ತಿರ ಹೋಗದೆಯೇ ಮೆಷಿನ್ "ಸರಿ" ಅನ್ನುತ್ತದೆ!

ಇನ್ನು ಇನ್ಸುಲಿನ್. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನದೂ ಇದೆ, 100ರದೂ ಇದೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ರೋಗಿಗೆ ಹೋಗುವುದು 50 ಯೂನಿಟ್. ಸ್ಕ್ಯಾನರ್ ಸಿರಿಂಜನ್ನು ನೋಡುವುದೇ ಇಲ್ಲ. ಹಾಗಾಗಿ ಪ್ರಮಾಣ ತಪ್ಪಿದರೆ ಅಪಾಯವಾಗುವ ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ), ಪೊಟ್ಯಾಸಿಯಂ ಕ್ಲೋರೈಡಿಗೆ ಇನ್ನೊಬ್ಬ ಸಿಸ್ಟರ್ ತಾವೇ ಲೆಕ್ಕ ಹಾಕಿ ನೋಡಬೇಕು, ಮೊದಲಿನವರು ಉತ್ತರ ಹೇಳಬಾರದು. ಪ್ಯಾರಾಸಿಟಮಾಲ್‌ಗೂ ಇಬ್ಬರ ಸಹಿ ಕೇಳುವ ವಾರ್ಡಿನಲ್ಲಿ ಎರಡನೆಯವರು ನೋಡದೆಯೇ ಸಹಿ ಹಾಕತೊಡಗುತ್ತಾರೆ.

ಸ್ಕ್ಯಾನರಿಗೆ ದುಡ್ಡು ಮಂಜೂರಾದರೂ ಡಬ್ಬಿ ತೆಗೆಯಬೇಡಿ. ದುಡ್ಡಿಲ್ಲದಿದ್ದರೆ ಡಬ್ಬಿ ಮತ್ತು ಈ ಮೂರು ಔಷಧಿಗಳ ಎರಡನೇ ತಪಾಸಣೆಯನ್ನು ಈ ವಾರವೇ ಶುರುಮಾಡಬಹುದು.