ಮನೆಯಲ್ಲೇ ಬಾಡಿ ಲೋಷನ್ ಮಾಡುವವರು ಒಮ್ಮೆ ಇದನ್ನು ಓದಿ

ಮನೆಯಲ್ಲಿ ಲೋಷನ್ ಮಾಡಿ ಡಬ್ಬಿಗೆ ತುಂಬಿಡುವ ಅಭ್ಯಾಸ ನಿಮಗಿದೆಯಾ? ಅದಕ್ಕೆ ಲೋಳೆಸರ, ರೋಸ್ ವಾಟರ್ ಅಥವಾ ಬೇರೆ ಯಾವುದೇ ರೂಪದಲ್ಲಿ ನೀರು ಸೇರಿಸುತ್ತೀರಾ? ಹಾಗಿದ್ದರೆ ಈ ಬರಹ ನಿಮಗೇ. ನಾನು ಮಾಡಿದ ಲೋಷನ್‌ನಿಂದ ನನ್ನ ಕಾಲಿಗೆ ಸೋಂಕು ತಗುಲಿತು. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಅಕ್ಕನ ಆರು ವರ್ಷದ ಮಗಳಿಗೂ ತಗುಲಿತು.

ಲಿಪ್ ಬಾಮ್, ಮೈಗೆ ಹಚ್ಚುವ ಎಣ್ಣೆ ಇಂಥವನ್ನೆಲ್ಲ ನಾನು ಬಹಳ ದಿನಗಳಿಂದ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೆ. ಒಮ್ಮೆಯೂ ತೊಂದರೆ ಆಗಿರಲಿಲ್ಲ. ಆ ಧೈರ್ಯದಿಂದಲೇ ಲೋಷನ್‌ಗೆ ಕೈಹಾಕಿದೆ. ಕುಂಡದಲ್ಲಿದ್ದ ಲೋಳೆಸರದ ತಿರುಳು, ರೋಸ್ ವಾಟರ್, ಬಾದಾಮಿ ಎಣ್ಣೆ, ಜೇನುಮೇಣ. ಮೇಣವನ್ನು ಎಣ್ಣೆಯಲ್ಲಿ ಕರಗಿಸಿ, ಉಗುರುಬೆಚ್ಚಗಾದ ಮೇಲೆ ಉಳಿದದ್ದನ್ನು ಸುರಿದು ಮಿಕ್ಸಿಯಲ್ಲಿ ತಿರುವಿದೆ. ಬೆಳ್ಳಗೆ, ಮೆತ್ತಗೆ ಬಂತು. ಕೊನೆಗೆ ಎರಡು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದೆ. ವಿಟಮಿನ್ ಇ ಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದು ಎಷ್ಟೋ ಕಡೆ ಓದಿದ್ದೆ. ಪೂರ್ತಿ ನಂಬಿದ್ದೆ.

ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾದೆ. ಏನೂ ಆಗಲಿಲ್ಲ. ಒಂದು ಡಬ್ಬಿ ನಾನಿಟ್ಟುಕೊಂಡೆ, ಇನ್ನೊಂದನ್ನು ಅಕ್ಕನಿಗೆ ಕೊಟ್ಟೆ. ಅವಳ ಮಗಳದು ಒಣ ಚರ್ಮ, ಅಂಗಡಿಯ ಕ್ರೀಮ್ ಹಚ್ಚಿದರೆ ಉರಿ ಎನ್ನುತ್ತಿದ್ದಳು. "ಕೆಮಿಕಲ್ ಏನೂ ಇಲ್ಲ ಅಕ್ಕಾ, ಧೈರ್ಯವಾಗಿ ಹಚ್ಚು" ಅಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಮೊದಲ ವಾರ ಚೆನ್ನಾಗಿಯೇ ಇತ್ತು. ಆಮೇಲೆ ಡಬ್ಬಿಯ ಅಂಚಿನಲ್ಲಿ ನೀರು ಹನಿಗಟ್ಟಿದ್ದು ಕಂಡಿತು. ಬೆರಳಲ್ಲೇ ಕಲಸಿ ಹಚ್ಚಿಕೊಂಡೆ. ಜೇನುಮೇಣವೊಂದೇ ಎಣ್ಣೆ ಮತ್ತು ನೀರನ್ನು ಬಹಳ ದಿನ ಹಿಡಿದಿಡಲಾರದು ಎಂದು ನನಗೆ ಗೊತ್ತಿರಲಿಲ್ಲ. ಹನ್ನೊಂದನೇ ದಿನ ಕಾಲಿನ ಕೂದಲು ಶೇವ್ ಮಾಡಿ, ಹಾಗೆಯೇ ಲೋಷನ್ ಹಚ್ಚಿದೆ. ಮಾರನೇ ದಿನ ಸಂಜೆಗೆ ತುರಿಕೆ. ಅದರ ಮರುದಿನ ಮೊಣಕಾಲಿನಿಂದ ಪಾದದವರೆಗೆ ಕೆಂಪು ಗುಳ್ಳೆಗಳು, ಒಂದೊಂದರ ತುದಿಯಲ್ಲೂ ಕೀವು. ಬಟ್ಟೆ ತಾಗಿದರೂ ನೋವು. ಶೇವ್ ಮಾಡಿದ್ದರಿಂದ ಹೀಗಾಗಿದೆ ಅಂದುಕೊಂಡು, ಉರಿ ತಣಿಯಲಿ ಎಂದು ಅದೇ ಲೋಷನ್ನನ್ನು ಮತ್ತೆ ಹಚ್ಚಿದೆ! ಇನ್ನೂ ಎರಡು ದಿನ.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಮಗಳ ತೊಡೆಯ ಮೇಲೆ ಗುಳ್ಳೆಗಳು, ಜ್ವರ ಬೇರೆ ಬಂದಿದೆ. ಇಬ್ಬರೂ ಒಟ್ಟಿಗೇ ಚರ್ಮದ ವೈದ್ಯರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ, "ನೀವಿಬ್ಬರೂ ಬಳಸುತ್ತಿರುವ ವಸ್ತು ಏನಾದರೂ ಇದೆಯಾ?" ಎರಡನೆಯದು, "ಅದಕ್ಕೆ ಪ್ರಿಸರ್ವೇಟಿವ್, ಅಂದರೆ ಕೆಡದಂತೆ ತಡೆಯುವ ವಸ್ತು, ಏನು ಹಾಕಿದ್ರಿ?" ವಿಟಮಿನ್ ಇ ಅಂದೆ. ಅವರು ಸಿಟ್ಟಾಗಲಿಲ್ಲ, ಸಮಾಧಾನವಾಗಿ ವಿವರಿಸಿದರು. ವಿಟಮಿನ್ ಇ ಎಣ್ಣೆ ಬೇಗ ಕಮಟದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಅದು ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ, ಬೂಷ್ಟು ತಡೆಯುವುದಿಲ್ಲ.

ಕೀವಿನ ಪರೀಕ್ಷೆಯಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕೂದಲಿನ ಬುಡದ ಸೋಂಕು ಅದು. ಈ ಬ್ಯಾಕ್ಟೀರಿಯಾಕ್ಕೆ ತೇವ ಇದ್ದರೆ ಸಾಕು, ಡಿಸ್ಟಿಲ್ಡ್ ವಾಟರ್‌ನಲ್ಲೂ ಬೆಳೆಯಬಲ್ಲದು. ಇನ್ನು ನಾನು ಅದಕ್ಕೆ ಲೋಳೆಸರದ ಸಕ್ಕರೆ ಅಂಶವನ್ನೂ ಕೊಟ್ಟಿದ್ದೆ. ಬಚ್ಚಲುಮನೆಯ ಬಿಸಿ ಹಬೆಯಲ್ಲಿಟ್ಟು, ದಿನಾ ಒದ್ದೆ ಬೆರಳನ್ನೂ ಅದ್ದಿದ್ದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅಂಚಿನ ನೀರಹನಿ ಬಿಟ್ಟರೆ ನನ್ನ ಡಬ್ಬಿ ನೋಡಲು ಚೊಕ್ಕಟವಾಗಿತ್ತು. ವಾಸನೆ ಕೂಡ ಬದಲಾಗಿರಲಿಲ್ಲ. ಅಕ್ಕನ ಡಬ್ಬಿಯ ಮುಚ್ಚಳದ ಒಳಗೆ ಮಾತ್ರ ಬೂದು ಬಣ್ಣದ ಬೂಷ್ಟು ಹಿಡಿದಿತ್ತು, ಅದೂ ತಿರುಗಿಸಿ ನೋಡಿದ ಮೇಲೆ ಕಂಡದ್ದು. ಒಂದು ಗ್ರಾಂ ಕ್ರೀಮಿನಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇದ್ದರೂ ಕಣ್ಣಿಗೆ ಏನೂ ತಿಳಿಯದಿರಬಹುದು. ಕಾರ್ಖಾನೆಯ ಕ್ರೀಮುಗಳಿಗೆ ಐಎಸ್‌ಒ 17516 ಎಂಬ ಮಾನದಂಡ ಇದೆ. ಅದರ ಪ್ರಕಾರ ಒಂದು ಗ್ರಾಂಗೆ 1000ದ ಆಸುಪಾಸು ದಾಟಬಾರದು. ಮೂರು ವರ್ಷದೊಳಗಿನ ಮಕ್ಕಳಿಗೆ, ಕಣ್ಣಿನ ಸುತ್ತ ಹಚ್ಚುವುದಕ್ಕೆ 100. ಆ ಲೆಕ್ಕ ನಮ್ಮ ಅಡುಗೆಮನೆಯಲ್ಲಿ ಯಾರು ನೋಡುತ್ತಾರೆ, ಹೇಳಿ. ಮುಂಗೈಗೆ ಹಚ್ಚಿ ನೋಡುವುದರಿಂದಲೂ ಇದು ತಿಳಿಯುವುದಿಲ್ಲ. ಅದರಿಂದ ಅಲರ್ಜಿ ಗೊತ್ತಾಗಬಹುದು. ಅದೂ ನಾನು ಪರೀಕ್ಷಿಸಿದ್ದು ಮೊದಲ ದಿನದ ಲೋಷನ್, ಕೆಟ್ಟದ್ದು ಹನ್ನೊಂದನೇ ದಿನದ್ದು.

ಟೀ ಟ್ರೀ ಎಣ್ಣೆ ನಾಲ್ಕು ಹನಿ ಹಾಕಿದರೆ ಸಾಕು ಎನ್ನುವವರೂ ಇದ್ದಾರೆ. ಸಾಲದು. ಲೋಷನ್ ಕೆಡದಷ್ಟು ಹಾಕಲು ಹೋದರೆ ಚರ್ಮ ಸುಡುವಷ್ಟಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ, ನಿಲ್ಲುವುದಿಲ್ಲ.

ನಾನು ಮನೆಯಲ್ಲಿ ಮಾಡುವುದನ್ನು ಬಿಟ್ಟಿಲ್ಲ. ಈಗ ಡಬ್ಬಿಯಲ್ಲಿ ಇಡುವುದೆಲ್ಲ ನೀರಿಲ್ಲದ್ದು: ಎಣ್ಣೆ, ಶಿಯಾ ಬಟರ್, ಜೇನುಮೇಣ. ನೀರು ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯಲಾರದು. ನನ್ನ ಹಳೆಯ ಬಾಮ್‌ಗಳು ಕೆಡದೆ ಉಳಿದದ್ದು ಇದೇ ಕಾರಣಕ್ಕೆ, ನನ್ನ ಕೈಗುಣದಿಂದಲ್ಲ. ಅದನ್ನೂ ಒಣಗಿದ ಚಮಚದಲ್ಲೇ ತೆಗೆಯುತ್ತೇನೆ. ಸ್ನಾನದ ಸ್ಕ್ರಬ್ ಮಾಡುವವರು ಇದನ್ನು ಮುಖ್ಯವಾಗಿ ಗಮನಿಸಿ. ಒದ್ದೆ ಕೈ ಅದ್ದಿದರೆ ಅದಕ್ಕೂ ನೀರು ಸೇರಿದಂತೆಯೇ. ಲೋಳೆಸರ ಬೇಕೆನಿಸಿದರೆ ಆ ಹೊತ್ತಿಗೆ ಬೇಕಾದಷ್ಟೇ ತೆಗೆದು ಹಚ್ಚಿ, ಉಳಿದದ್ದನ್ನು ಚೆಲ್ಲುತ್ತೇನೆ.

ಲೋಷನ್ನೇ ಬೇಕೆಂದರೆ ಬ್ಯಾಕ್ಟೀರಿಯಾ, ಬೂಷ್ಟು ಎರಡನ್ನೂ ತಡೆಯುವ ಪ್ರಿಸರ್ವೇಟಿವ್ ಹಾಕಲೇಬೇಕು. ಹನಿ ಲೆಕ್ಕದಲ್ಲಿ ಅಲ್ಲ, ತೂಕದಲ್ಲಿ. ಅದರ ಜೊತೆಗೆ ಬರುವ ಸೂಚನೆಯಲ್ಲಿ ಶೇಕಡಾ 1 ಎಂದಿದ್ದರೆ 200 ಗ್ರಾಂ ಲೋಷನ್‌ಗೆ 2 ಗ್ರಾಂ. ಅದಕ್ಕೆ ಚಿಕ್ಕ ತೂಕದ ಯಂತ್ರ ಬೇಕಾಗುತ್ತದೆ. ಕೆಲವು ಪ್ರಿಸರ್ವೇಟಿವ್‌ಗಳ ವಿಷಯದಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ) ಕೂಡ ನೋಡಬೇಕು. ಸೋಡಿಯಂ ಬೆಂಜೋಯೇಟ್ ಅಂಥದ್ದು, ಲೋಷನ್ ಸಾಕಷ್ಟು ಆಮ್ಲೀಯವಾಗಿ ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ಇಷ್ಟೆಲ್ಲ ಮಾಡಲು ಆಗದಿದ್ದರೆ ಲೋಷನ್ ಕೊಂಡು ತರುವುದೇ ಒಳ್ಳೆಯದು. ನಾನೀಗ ಕೊಂಡೇ ತರುತ್ತಿದ್ದೇನೆ.

ಅಕ್ಕನ ಮಗಳು ಒಂದು ವಾರದಲ್ಲಿ ಚೇತರಿಸಿಕೊಂಡಳು. ನನ್ನ ಕಾಲಿನ ಗುಳ್ಳೆಗಳು ಒಣಗಿದವು, ಕಂದು ಕಲೆಗಳು ಇನ್ನೂ ಇವೆ. ನೀವು ನೀರಿನ ಅಂಶವಿರುವ ಇಂಥ ಲೋಷನ್ನನ್ನು ಯಾರಿಗಾದರೂ ಪ್ರೀತಿಯಿಂದ ಕೊಟ್ಟಿದ್ದರೆ, ಸಂಕೋಚ ಬಿಟ್ಟು ಇವತ್ತೇ ಫೋನ್ ಮಾಡಿ, ಹಚ್ಚಬೇಡಿ ಎಂದು ಹೇಳಿ. ಅವರಿಗೆ ಈಗಾಗಲೇ ಗುಳ್ಳೆ ಎದ್ದಿದ್ದರೆ ಡಬ್ಬಿಯನ್ನು ಎಸೆಯುವುದು ಬೇಡ, ವೈದ್ಯರ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಲಿ.